ಮರುಕಳಿಸುವ ದಿನಗಳು: ಕ್ರಾನ್‌ನಿಂದ ಪಂಚಾಂಗದವರೆಗೆ

ನವಿ ಮುಂಬಯಿಯ ವಾಶಿಯ ಕನ್ನಡ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಹಲವು ಬಗೆಯ ದಿನಗಳು ಒಟ್ಟಿಗಿವೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ತಾರೀಖೇ ಆಧಾರ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಬಂದ ಎರಡನೇ, ನಾಲ್ಕನೇ ಶನಿವಾರಗಳ ರಜೆಗೆ ವಾರವೂ ಬೇಕು, ಅದು ತಿಂಗಳಿನ ಎಷ್ಟನೆಯದೆಂಬ ಲೆಕ್ಕವೂ ಬೇಕು. ಯುಗಾದಿ, ಸಂಕಷ್ಟಿಗಳಿಗೆ ತಿಥಿ ಬೇಕು. ಕರಾವಳಿಯವರ ಬಿಸುವಿಗೆ ಸಂಕ್ರಮಣ. ಈ ಬಗೆಗಳನ್ನು ಕಂಪ್ಯೂಟರಿಗೆ ಕಲಿಸುವ ಪ್ರಯತ್ನಕ್ಕೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ.

1979ರ ಯುನಿಕ್ಸ್ ಏಳನೇ ಆವೃತ್ತಿಯ ಕ್ರಾನ್ ಎಂಬ ಪ್ರೋಗ್ರಾಮು ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದೇ ಅಂಕಣಗಳಲ್ಲಿ ಕೆಲಸಗಳನ್ನು ನಿಗದಿ ಮಾಡುತ್ತಿತ್ತು. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್‌ನ ಪೀಳಿಗೆ ಇಂದಿಗೂ ಸರ್ವರ್‌ಗಳಲ್ಲಿ ದುಡಿಯುತ್ತಿದೆ. ಆದರೆ ಎರಡನೇ ಶನಿವಾರ ಅದಕ್ಕೆ ದಕ್ಕುವುದಿಲ್ಲ. ಎರಡನೇ ಶನಿವಾರ ಯಾವಾಗಲೂ 8ರಿಂದ 14ರೊಳಗೆ ಬರುತ್ತದೆ ಎಂದು ತಾರೀಖಿನ ಅಂಕಣದಲ್ಲಿ ಅದನ್ನೂ, ವಾರದ ಅಂಕಣದಲ್ಲಿ ಶನಿವಾರವನ್ನೂ ಬರೆದರೆ, ಕ್ರಾನ್ ಎರಡರಲ್ಲಿ ಯಾವುದೊಂದು ಹೊಂದಿದರೂ ಸಾಕೆನ್ನುತ್ತದೆ. ಹೀಗಾಗಿ ಆ ಏಳೂ ದಿನ ಮತ್ತು ಎಲ್ಲ ಶನಿವಾರ ಕೆಲಸ ನಡೆದುಬಿಡುತ್ತದೆ. ಎರಡರಲ್ಲಿ ಒಂದು ಷರತ್ತನ್ನು ನಡೆಸಬೇಕಾದ ಪ್ರೋಗ್ರಾಮಿನೊಳಗೇ ಪರೀಕ್ಷಿಸುವುದು ಬಳಕೆಯ ಪರಿಹಾರ.

ಈ ಕೊರತೆಯನ್ನು ನೀಗಿಸಿದ್ದು 1998ರ ಐಕ್ಯಾಲೆಂಡರ್ ಮಾನದಂಡ. 2009ರಲ್ಲಿ ಅದು ಆರ್‌ಎಫ್‌ಸಿ 5545 ಎಂಬ ಮಾನದಂಡ ದಾಖಲೆಯಾಗಿ ಪರಿಷ್ಕೃತವಾಯಿತು. ತಿಂಗಳಿಗೊಮ್ಮೆ, ಎರಡನೇ ಶನಿವಾರ, ಇಂಥ ದಿನದವರೆಗೆ ಎಂದು ನಿಯಮವನ್ನೇ ಒಂದು ಸಾಲಿನಲ್ಲಿ ಬರೆಯಲು ಸಾಧ್ಯವಾಯಿತು. ಪೈಥಾನ್‌ನಲ್ಲಿ ಗುಸ್ತಾವೊ ನೀಮೆಯರ್ ಬರೆದ ಡೇಟ್‌ಯುಟಿಲ್ ಗ್ರಂಥಾಲಯ ಈ ನಿಯಮಗಳನ್ನು ಪ್ರೋಗ್ರಾಮರ್‌ಗಳ ಕೈಗಿತ್ತಿತು.

ತಿಂಗಳ ಕೊನೆಯ ತೊಡಕು ಮಾತ್ರ ಉಳಿಯಿತು. ಜನವರಿ 31ಕ್ಕೆ ಶುರುವಾದ ಕಂತು ಫೆಬ್ರವರಿಯಲ್ಲಿ ಯಾವ ದಿನ? ಐಕ್ಯಾಲೆಂಡರ್ ಇಲ್ಲದ ತಾರೀಖನ್ನು ಬಿಟ್ಟು ಮುಂದೆ ಹೋಗುತ್ತದೆ. 2014ರ ಜಾವಾ 8ರ ಹೊಸ ದಿನಾಂಕ ಗ್ರಂಥಾಲಯ ಫೆಬ್ರವರಿ 28ಕ್ಕೆ, ಅಧಿಕ ವರ್ಷವಾದರೆ 29ಕ್ಕೆ ಇಳಿಸುತ್ತದೆ. ಆ 28ಕ್ಕೆ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಬಂದು, 31 ಎಂಬ ಮೂಲ ಒಪ್ಪಂದವೇ ಕಳೆದುಹೋಗುತ್ತದೆ. ಪ್ರತಿ ಕಂತನ್ನೂ ಮೊದಲ ದಿನದಿಂದಲೇ ಎಣಿಸಬೇಕೆಂಬ ಪಾಠ ಇಲ್ಲಿಂದ ಬಂತು.

ಗಡಿಯಾರದ್ದು ಇನ್ನೊಂದು ಪಾಠ. ನ್ಯೂಯಾರ್ಕಿನ ಬೆಳಗ್ಗೆ 9ರ ಸೋಮವಾರದ ಸಭೆ ನವಿ ಮುಂಬಯಿಯ ಕಚೇರಿಗೆ ಬೇಸಿಗೆಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ನಮ್ಮ ಗಡಿಯಾರ ಬದಲಾಗದಿದ್ದರೂ ಅಲ್ಲಿನದು ಮಾರ್ಚ್ ಮತ್ತು ನವೆಂಬರ್‌ಗಳಲ್ಲಿ ಬದಲಾಗುತ್ತದೆ. ಆದ್ದರಿಂದ ಸ್ಥಳೀಯ ವೇಳೆ ಮತ್ತು ಕಾಲವಲಯದ ಹೆಸರನ್ನು ಉಳಿಸಿಕೊಂಡು, ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ ಕಾಲವಲಯ ದತ್ತಕೋಶದ ನೆರವಿನಿಂದ ಆಯಾ ವಾರದ ಲೆಕ್ಕವನ್ನು ಆಗಾಗಲೇ ಮಾಡುವುದು ರೂಢಿಯಾಯಿತು.

2015ರ ಆರ್‌ಎಫ್‌ಸಿ 7529 ಗ್ರೆಗೋರಿಯನ್ ಗಡಿಯನ್ನೂ ದಾಟಿತು. ಚೀನೀ, ಹೀಬ್ರೂ ಪಂಚಾಂಗಗಳ ಹಬ್ಬಗಳು, ಅವುಗಳ ಅಧಿಕ ಮಾಸಗಳು ನಿಯಮದೊಳಗೆ ಬಂದವು. ಆದರೆ ಅದು ಆಧರಿಸಿದ ಪಂಚಾಂಗಗಳ ಪಟ್ಟಿಯಲ್ಲಿರುವ ಭಾರತೀಯ ಪಂಚಾಂಗ 1957ರ ರಾಷ್ಟ್ರೀಯ ಶಕ ಪಂಚಾಂಗ. ನಾವು ಹಬ್ಬ ಮಾಡುವ ಚಾಂದ್ರಮಾನವಲ್ಲ.

ಚಾಂದ್ರಮಾನದ ಗಣಿತವೇನೂ ಅಗೋಚರವಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ಡರ್ಶೋವಿಟ್ಜ್ ಮತ್ತು ರೈನ್‌ಗೋಲ್ಡ್ 1997ರ ತಮ್ಮ ಗ್ರಂಥದಲ್ಲಿ ಹಿಂದೂ ಪಂಚಾಂಗಗಳ ಕ್ರಮವಿಧಿಗಳನ್ನು ಕೊಟ್ಟಿದ್ದಾರೆ. ಕಷ್ಟವಿರುವುದು ನಿಯಮದ ಸ್ವರೂಪದಲ್ಲಿ. ತಿಥಿ ಸುಮಾರು 19ರಿಂದ 26 ಗಂಟೆ ಇರುತ್ತದೆ. ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಕಾಣಬಹುದು, ಒಂದನ್ನೂ ಕಾಣದೆ ಮುಗಿಯಲೂಬಹುದು. ಸಂಕಷ್ಟಿಗೆ ನೋಡಬೇಕಾದದ್ದು ಚಂದ್ರೋದಯ, ಗಣೇಶ ಚತುರ್ಥಿಗೆ ಮಧ್ಯಾಹ್ನ. ಸ್ಥಳವೂ ಬೇಕು: ರೇಖಾಂಶದ ಅಂತರವೊಂದರಿಂದಲೇ ವಾಶಿಯ ಸೂರ್ಯ ಬೆಂಗಳೂರಿಗಿಂತ ಸುಮಾರು 18 ನಿಮಿಷ ತಡ. ಆ ನಡುವೆ ತಿಥಿ ಮುಗಿದರೆ ಎರಡು ಊರುಗಳ ಲೆಕ್ಕ ಬೇರೆಯಾಗುತ್ತದೆ.

ಹೀಗಾಗಿ ಯುಗಾದಿಯನ್ನು ಫೋನಿನ ಕ್ಯಾಲೆಂಡರಿಗೆ ವರ್ಷ ವರ್ಷವೂ ಪಟ್ಟಿಯಾಗಿಯೇ ತುಂಬಬೇಕಾಗಿದೆ. ಪಟ್ಟಿ ಮುಗಿದ ವರ್ಷಕ್ಕೆ ಹಬ್ಬವೂ ಕಾಣೆ. ಮಾಸ, ಪಕ್ಷ, ತಿಥಿ, ತಿಥಿ ನೋಡಬೇಕಾದ ವೇಳೆ, ಊರು, ಸಂಪ್ರದಾಯ — ಈ ಆರನ್ನು ಬರೆದಿಡುವ ಒಂದು ಒಪ್ಪಿತ ನಿಯಮ ಬಂದರೆ ಸಾಕು, ಉಳಿದ ಲೆಕ್ಕ ಯಂತ್ರದ್ದು. ಅದನ್ನು ರೂಪಿಸಲು ಪಂಚಾಂಗವನ್ನೂ ಪ್ರೋಗ್ರಾಮಿಂಗನ್ನೂ ಬಲ್ಲವರು ಬೇಕು. ಅಂಥವರು ಬೆಂಗಳೂರಿನಲ್ಲೂ ಇದ್ದಾರೆ, ವಾಶಿ, ಐರೋಲಿಗಳಲ್ಲೂ ಇದ್ದಾರೆ. ಈ ಕೆಲಸ ಅವರದೇ.