ವಸತಿ ಟ್ರೇಲರ್ ಖರೀದಿ: ಗುಣಮಟ್ಟ, ಬೆಲೆ ಮತ್ತು ಸ್ಥಳಾವಕಾಶದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಕಾರು ಅಥವಾ ಜೀಪಿನ ಹಿಂದೆ ಕೊಂಡಿಯಿಂದ ಜೋಡಿಸಿ ಎಳೆದೊಯ್ಯುವ, ಮಲಗಲು ಮತ್ತು ಅಡುಗೆ ಮಾಡಲು ಅನುಕೂಲವುಳ್ಳ ಟ್ರೇಲರನ್ನು ಈ ಪುಟದಲ್ಲಿ ವಸತಿ ಟ್ರೇಲರ್ ಎಂದು ಕರೆಯಲಾಗಿದೆ. ಇದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ. ಎಂಜಿನ್ ಸಹಿತವಾದ ಮೋಟಾರು ಕ್ಯಾರವಾನ್‌ಗಳು ಬೇರೆ ವರ್ಗಕ್ಕೆ ಸೇರಿದ್ದು, ಅವುಗಳ ಮಾದರಿ ಅನುಮೋದನೆಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅವು ಈ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಎಂಜಿನ್ ಇಲ್ಲದ ಮಾತ್ರಕ್ಕೆ ಟ್ರೇಲರ್‌ಗೆ ನೋಂದಣಿ ಬೇಕಿಲ್ಲವೆಂಬ ತಪ್ಪು ತಿಳಿವಳಿಕೆ ಸಾರ್ವಜನಿಕರಲ್ಲಿ ಇದೆ. ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 2(28)ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ ಆಗಿದೆ. ಪ್ರಕರಣ 61ರ ಪ್ರಕಾರ ಇತರೆ ವಾಹನಗಳ ನೋಂದಣಿಗೆ ಅನ್ವಯಿಸುವ ಉಪಬಂಧಗಳು ಟ್ರೇಲರ್‌ಗೂ ಅನ್ವಯಿಸುತ್ತವೆ. ಆದ್ದರಿಂದ ಮೊದಲು ಹಣ ಕೊಟ್ಟು ಮನೆಗೆ ತಂದು, ನೋಂದಣಿಯ ವಿಚಾರವನ್ನು ಆಮೇಲೆ ನೋಡಿಕೊಳ್ಳುವುದು ಸರಿಯಾದ ಕ್ರಮವಲ್ಲ. ನೋಂದಣಿಯಾಗದ ಟ್ರೇಲರನ್ನು ರಸ್ತೆಗೆ ಇಳಿಸುವಂತಿಲ್ಲ; ಅದಕ್ಕೆ ಹಾಕಿದ ಹಣ ಅಂಗಳದಲ್ಲಿ ನಿಂತುಬಿಡುತ್ತದೆ.

ಮೊದಲು ತೂಕ, ನಂತರ ಉಳಿದದ್ದು

ಖರೀದಿದಾರರು ಸಾಮಾನ್ಯವಾಗಿ ಎಷ್ಟು ಜನ ಮಲಗಬಹುದು ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈಗ ಇರುವ ವಾಹನವು ಎಷ್ಟು ತೂಕವನ್ನು ಎಳೆಯಲು ತಯಾರಕರಿಂದ ಅನುಮತಿಸಲ್ಪಟ್ಟಿದೆ? ಇದಕ್ಕೆ ಉತ್ತರ ವಾಹನದ ಮಾಲೀಕರ ಕೈಪಿಡಿಯಲ್ಲಿ ದೊರೆಯುತ್ತದೆ. ಕೆಲವು ಮಾದರಿಗಳ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವುದನ್ನು ಶಿಫಾರಸು ಮಾಡಿಲ್ಲವೆಂದೇ ನಮೂದಿಸಿರುತ್ತದೆ. ಅಂತಹ ವಾಹನಕ್ಕೆ ಹೊರಗಿನ ವರ್ಕ್‌ಶಾಪಿನಲ್ಲಿ ಕೊಂಡಿ ಹಾಕಿಸಿದಲ್ಲಿ ವಾರಂಟಿಗೆ ಧಕ್ಕೆಯಾಗುವುದಲ್ಲದೆ, ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರದ ವಿಷಯದಲ್ಲಿಯೂ ತಕರಾರು ಬರಬಹುದು. ಕೈಪಿಡಿಯಲ್ಲಿ ಸ್ಪಷ್ಟ ಅಂಕಿ ಇಲ್ಲದಿದ್ದಲ್ಲಿ ತಯಾರಕರಿಂದ ಲಿಖಿತ ಉತ್ತರ ಪಡೆಯುವುದು ಸೂಕ್ತ. ಮಾರಾಟಗಾರರ ಬಾಯಿಮಾತಿನ ಭರವಸೆ ಸಾಲದು.

ಟ್ರೇಲರ್‌ನ ಖಾಲಿ ತೂಕ ಮತ್ತು ಒಟ್ಟು ತೂಕ ಬೇರೆ ಬೇರೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಖಾಲಿ ತೂಕ. ರಸ್ತೆಯ ಮೇಲೆ ಎಳೆಯಬೇಕಾದದ್ದು ತುಂಬಿದ ತೂಕ. ಉದಾಹರಣೆಗೆ, ಖಾಲಿ ತೂಕ 900 ಕೆ.ಜಿ. ಮತ್ತು ಅನುಮತಿಸಿದ ಒಟ್ಟು ತೂಕ 1,200 ಕೆ.ಜಿ. ಇರುವ ಟ್ರೇಲರ್ ಒಂದನ್ನು ಪರಿಗಣಿಸಬಹುದು. ಇದರಲ್ಲಿ ಸಾಮಾನು ಹೊರಲು ಉಳಿಯುವುದು 300 ಕೆ.ಜಿ. ಮಾತ್ರ. 80 ಲೀಟರ್ ನೀರು ತುಂಬಿದರೆ 80 ಕೆ.ಜಿ., 150 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿ ಸುಮಾರು 50 ಕೆ.ಜಿ., 5 ಕೆ.ಜಿ. ಅನಿಲ ತುಂಬಿದ ಸಣ್ಣ ಸಿಲಿಂಡರ್ ಸುಮಾರು 12 ಕೆ.ಜಿ., ಹವಾನಿಯಂತ್ರಕ ಸುಮಾರು 35 ಕೆ.ಜಿ., ಹಾಸಿಗೆ, ಪಾತ್ರೆ ಮತ್ತು ದಿನಸಿ ಸೇರಿ 60 ಕೆ.ಜಿ. ಎಂದಿಟ್ಟುಕೊಂಡರೆ 237 ಕೆ.ಜಿ. ಆಯಿತು. ನಾಲ್ವರ ಬಟ್ಟೆಬರೆಗೆ ತಲಾ 15 ಕೆ.ಜಿ. ಸೇರಿಸಿದರೆ 297 ಕೆ.ಜಿ. ಆಗುತ್ತದೆ. ಮಡಚುವ ಕುರ್ಚಿ ನಾಲ್ಕು ತೆಗೆದುಕೊಂಡು ಹೋಗೋಣವೆಂದರೂ ಅವಕಾಶವಿಲ್ಲ. ಸ್ಥಳ ಇದೆಯೆಂದ ಮಾತ್ರಕ್ಕೆ ಹೊರುವ ಶಕ್ತಿ ಇದೆಯೆಂದು ಅರ್ಥವಲ್ಲ. ದೊಡ್ಡ ಕಪಾಟುಗಳುಳ್ಳ ಅಗ್ಗದ ಟ್ರೇಲರ್‌ಗಳಲ್ಲಿ ಈ ವ್ಯತ್ಯಾಸ ಬೇಗ ಬಯಲಾಗುತ್ತದೆ.

ಅನುಮತಿಸಿದ ತೂಕವನ್ನು ಮೀರಿ ವಾಹನ ಚಲಾಯಿಸುವುದನ್ನು ಕಾಯ್ದೆಯ ಪ್ರಕರಣ 113 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಪ್ರಕರಣ 194ರ ಮೇರೆಗೆ ಅಧಿಕ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡಕ್ಕಿಂತ ಗಂಭೀರವಾದದ್ದು ಸುರಕ್ಷತೆ. ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಇಳಿಯುವಾಗ ಟ್ರೇಲರ್ ಹಿಂದಿನಿಂದ ವಾಹನವನ್ನು ನೂಕುತ್ತದೆ, ಬ್ರೇಕು ಕಾಯುತ್ತದೆ, ಕಡಿದಾದ ತಿರುವಿನಲ್ಲಿ ಚಾಲಕರ ಹಿಡಿತ ತಪ್ಪುವ ಸಂಭವವಿರುತ್ತದೆ. ತುಂಬಿದ ಟ್ರೇಲರ್‌ನ ತೂಕ ಎಳೆಯುವ ವಾಹನದ ತೂಕದ ಶೇಕಡ 85ನ್ನು ಮೀರದಿರಲಿ ಎಂಬುದು ಕ್ಯಾರವಾನ್ ಬಳಕೆ ಹೆಚ್ಚಾಗಿರುವ ಬ್ರಿಟನ್ನಿನಲ್ಲಿ ಹೊಸಬರಿಗೆ ಕೊಡುವ ಸಲಹೆ. ನಮ್ಮ ಘಾಟಿ ರಸ್ತೆಗಳಿಗೆ ಇನ್ನೂ ಕಡಿಮೆ ಇಟ್ಟುಕೊಂಡರೂ ತಪ್ಪಿಲ್ಲ.

ಒಟ್ಟು ತೂಕ 750 ಕೆ.ಜಿ. ವರೆಗಿನ ಟ್ರೇಲರ್‌ಗಳು ಟಿ1 ವರ್ಗಕ್ಕೂ, ಅದಕ್ಕಿಂತ ಹೆಚ್ಚು ಹಾಗೂ 3,500 ಕೆ.ಜಿ. ವರೆಗಿನವು ಟಿ2 ವರ್ಗಕ್ಕೂ ಸೇರುತ್ತವೆ. ಕಾರಿನಿಂದ ಎಳೆಯುವ ವಸತಿ ಟ್ರೇಲರ್‌ಗಳು ಸಾಮಾನ್ಯವಾಗಿ ಈ ಎರಡು ವರ್ಗಗಳಲ್ಲಿಯೇ ಬರುತ್ತವೆ. ಯುರೋಪಿನ ನಿಯಮಗಳಲ್ಲಿ 750 ಕೆ.ಜಿ. ಮೀರಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ವ್ಯವಸ್ಥೆ ಕಡ್ಡಾಯ. ಬ್ರೇಕಿಲ್ಲದ ದೊಡ್ಡ ಟ್ರೇಲರನ್ನು ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ಅದು ರಿಯಾಯಿತಿಯಲ್ಲ.

ಸಾಮಾನನ್ನು ಜೋಡಿಸುವ ಕ್ರಮವೂ ಮುಖ್ಯ. ಕೊಂಡಿಯ ಮೇಲೆ ಬೀಳುವ ಭಾರವು ಯುರೋಪಿನ ರೂಢಿಯಲ್ಲಿ ಟ್ರೇಲರ್ ತೂಕದ ಶೇಕಡ 5ರಿಂದ 7, ಅಮೆರಿಕದ ರೂಢಿಯಲ್ಲಿ ಶೇಕಡ 10ರಿಂದ 15 ಇರುತ್ತದೆ. ಭಾರವೆಲ್ಲ ಹಿಂಭಾಗದಲ್ಲಿ ಸೇರಿದರೆ ಕೊಂಡಿ ಹಗುರವಾಗಿ, ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಲಾರಂಭಿಸುತ್ತದೆ. ಆದುದರಿಂದ ನೀರಿನ ಟ್ಯಾಂಕು ಮತ್ತು ಬ್ಯಾಟರಿಯನ್ನು ಅಚ್ಚಿನ ಸಮೀಪದಲ್ಲಿ ಅಳವಡಿಸಲಾಗಿದೆಯೇ ಎಂಬುದನ್ನು ಖರೀದಿಗೆ ಮುನ್ನ ನೋಡತಕ್ಕದ್ದು.

ಗುಣಮಟ್ಟ: ಕಣ್ಣಿಗೆ ಕಾಣದ ಭಾಗಗಳು

ಮಾರಾಟ ಮಳಿಗೆಯಲ್ಲಿ ಮೊದಲು ತೋರಿಸುವುದು ದಿಂಬು, ಪರದೆ ಮತ್ತು ಬಣ್ಣದ ದೀಪಗಳನ್ನು. ಕೆಳಗೆ ಬಗ್ಗಿ ಚಾಸಿ ನೋಡಿ ಎನ್ನುವ ಮಾರಾಟಗಾರರು ವಿರಳ. ಆದರೆ ಒಳಗಿನ ಅಲಂಕಾರವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಚಾಸಿ, ಅಚ್ಚು, ಗೋಡೆ ಮತ್ತು ಚಾವಣಿಯನ್ನು ಬದಲಾಯಿಸುವುದೆಂದರೆ ಹೊಸದನ್ನೇ ಕಟ್ಟಿದಂತೆ. ಕೈಯಲ್ಲಿರುವ ಹಣ ಮೊದಲು ಹೋಗಬೇಕಾದದ್ದು ಈ ಭಾಗಗಳಿಗೆ.

ವಸತಿ ಟ್ರೇಲರ್‌ನ ಬಹುದೊಡ್ಡ ಶತ್ರು ನೀರು. ಚಾವಣಿಯ ಅಂಚು, ಕಿಟಕಿಯ ಚೌಕಟ್ಟು, ಗಾಳಿಕಿಂಡಿ ಮತ್ತು ದೀಪದ ತಂತಿ ಒಳಹೋಗುವ ರಂಧ್ರಗಳ ಮೂಲಕ ಮಳೆನೀರು ಇಳಿದು, ಗೋಡೆಯ ಒಳಗಿನ ಮರದ ಚೌಕಟ್ಟನ್ನು ಕೊಳೆಯಿಸುತ್ತದೆ. ಹೊರಗಿನ ಹಾಳೆ ಹೊಳೆಯುತ್ತಿರುವಾಗಲೇ ಒಳಗಿನ ಮರ ಹಿಟ್ಟಾಗಿರಬಹುದು. ಚಾವಣಿಯಲ್ಲಿ ಜೋಡಣೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದೇ ತುಂಡಿನ ಫೈಬರ್ ಗ್ಲಾಸ್ ಚಾವಣಿಗೆ ಬೆಲೆ ಹೆಚ್ಚಾದರೂ ಮಲೆನಾಡು ಮತ್ತು ಕರಾವಳಿಯ ಮಳೆಗೆ ಅದು ತಕ್ಕುದು. ಮರದ ಹಲಗೆ ಬಳಸಿದ್ದಲ್ಲಿ ಅದು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಆಗಿದೆಯೇ ಎಂದು ವಿಚಾರಿಸತಕ್ಕದ್ದು. ಐಎಸ್ 303 ಗುರುತು ಸಾಮಾನ್ಯ ಬಳಕೆಯ ಪ್ಲೈವುಡ್‌ನದು. ಎರಡರ ಬೆಲೆಯ ಅಂತರವನ್ನು ಉಳಿತಾಯವೆಂದು ಭಾವಿಸಿದವರು ಕೆಲವೇ ಮಳೆಗಾಲಗಳಲ್ಲಿ ನೆಲವನ್ನೇ ಬದಲಿಸಬೇಕಾಗಬಹುದು.

ಕಾರವಾರದಿಂದ ಮಂಗಳೂರಿನವರೆಗಿನ ಕಡಲ ತೀರದಲ್ಲಿ ಇಡುವುದಾದರೆ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬರಿಯ ಬಣ್ಣ ಬಳಿದ ಚಾಸಿಗಿಂತ ಸತು ಲೇಪಿತ ಚಾಸಿ ಬಾಳಿಕೆ ಬರುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಗೆ ಗೋಡೆಯ ಒಳಗಿನ ಶಾಖನಿರೋಧಕ ಪದರವೇ ಆಧಾರ. ತೆಳುವಾದ ತಗಡಿನ ಗೋಡೆಗೆ ಎಷ್ಟು ದೊಡ್ಡ ಹವಾನಿಯಂತ್ರಕ ಹಾಕಿದರೂ ಬ್ಯಾಟರಿ ಬರಿದಾಗುವುದೇ ಹೊರತು ಒಳಗೆ ತಂಪಾಗದು.

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿಕೆಯಾದ ಅನಿಲ ನೆಲದ ಮಟ್ಟದಲ್ಲಿ ಶೇಖರವಾಗುವುದರಿಂದ ಸಿಲಿಂಡರನ್ನು ಹೊರಗಿನಿಂದ ತೆರೆಯುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರಿಸಿ, ಆ ಪೆಟ್ಟಿಗೆಯ ತಳದಲ್ಲಿ ಗಾಳಿಕಿಂಡಿ ಬಿಟ್ಟಿರಬೇಕು. ಮಲಗುವ ಮಂಚದ ಕೆಳಗೆ ಸಿಲಿಂಡರ್ ಇಟ್ಟು ಸ್ಥಳ ಉಳಿಸಿರುವ ಟ್ರೇಲರನ್ನು, ಉಳಿದೆಲ್ಲವೂ ಚೆನ್ನಾಗಿದ್ದರೂ, ಖರೀದಿಸದಿರುವುದು ಕ್ಷೇಮ. ಚಲಿಸುತ್ತಿರುವಾಗ ಟ್ರೇಲರ್ ಒಳಗೆ ಯಾರೂ, ಮುಖ್ಯವಾಗಿ ಮಕ್ಕಳು, ಕುಳಿತಿರಬಾರದು.

ಸ್ಥಳಾವಕಾಶ

12 ಅಡಿ ಉದ್ದ ಮತ್ತು 6.5 ಅಡಿ ಅಗಲದ ಟ್ರೇಲರ್‌ನಲ್ಲಿ 78 ಚದರ ಅಡಿ ನೆಲ ದೊರೆಯುತ್ತದೆ. ಉದ್ದ 16 ಅಡಿಯಾದರೆ 104 ಚದರ ಅಡಿ. ಹೆಚ್ಚಾದ 26 ಚದರ ಅಡಿಗೆ ಕೊಡುವ ಬೆಲೆ ಹಣದಲ್ಲಿ ಮಾತ್ರ ಇರುವುದಿಲ್ಲ. ಹೆಚ್ಚು ತೂಕ, ದೊಡ್ಡ ವಾಹನ, ಹೆಚ್ಚು ಇಂಧನ, ಹಳ್ಳಿಯ ಕಿರಿದಾದ ದಾರಿಯಲ್ಲಿ ಹಿಂದೆ ತಿರುಗಿಸಲು ಕಷ್ಟ, ರಸ್ತೆ ಉಬ್ಬುಗಳಿಗೆ ಹಿಂಭಾಗ ತಗಲುವುದು, ಇವೆಲ್ಲವೂ ಅದರ ಜೊತೆಗೆ ಬರುತ್ತವೆ. ವರ್ಷಕ್ಕೆ ಎರಡು ಬಾರಿ ಬರುವ ನೆಂಟರಿಗಾಗಿ ಇನ್ನೊಂದು ಮಂಚವನ್ನು ವರ್ಷವಿಡೀ ಎಳೆಯುವುದಕ್ಕಿಂತ ಗುಡಾರವೊಂದನ್ನು ಜೊತೆಗೆ ಒಯ್ಯುವುದು ಮೇಲು. ಮಳಿಗೆಯಲ್ಲಿ ನೋಡುವಾಗ ಕುಟುಂಬದ ಎಲ್ಲರೂ ಒಳಗೆ ಹೋಗಿ, ಬಾಗಿಲು ಮುಚ್ಚಿ, ಮಂಚ ಬಿಡಿಸಿ, ಅರ್ಧ ಗಂಟೆ ಇದ್ದು ನೋಡಬೇಕು. ಒಬ್ಬರು ಒಲೆಯ ಬಳಿ ನಿಂತಾಗ ಇನ್ನೊಬ್ಬರು ದಾಟಿಹೋಗಲಾಗದಿದ್ದರೆ ಚದರ ಅಡಿಯ ಲೆಕ್ಕ ನಿರರ್ಥಕ. ಸಾಧ್ಯವಿದ್ದಲ್ಲಿ ಖರೀದಿಗೆ ಮುನ್ನ ಅದೇ ಅಳತೆಯದನ್ನು ಬಾಡಿಗೆಗೆ ಪಡೆದು ಎರಡು ರಾತ್ರಿ ಕಳೆಯುವುದು ಉತ್ತಮ.

ಟ್ರೇಲರ್ ನಿಲ್ಲಿಸುವ ಸ್ಥಳವನ್ನೂ ಮರೆಯಬಾರದು. ಗೇಟಿನ ಅಗಲ, ತಿರುವು, ಅಂಗಳದ ಉದ್ದವನ್ನು ಟೇಪು ಹಿಡಿದು ಅಳೆಯತಕ್ಕದ್ದು. ಅಳತೆಗೆ ಕೊಂಡಿಯ ಉದ್ದವನ್ನೂ ಸೇರಿಸಬೇಕು.

ಸ್ಥಳೀಯವಾಗಿ ಕಟ್ಟಿಸುವವರಿಗೆ ಎಚ್ಚರಿಕೆ

ಹಳೆಯ ವಾಹನದ ಚಾಸಿ ಕತ್ತರಿಸಿ, ವೆಲ್ಡಿಂಗ್ ಮಾಡಿ, ಮೇಲೆ ಕೋಣೆ ಕಟ್ಟಿಕೊಡುವ ವರ್ಕ್‌ಶಾಪುಗಳಲ್ಲಿ ದರ ಕಡಿಮೆ ಇರುತ್ತದೆ. ಆದರೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರ ಪ್ರಕಾರ ತಯಾರಕರು ತಮ್ಮ ಮಾದರಿಯನ್ನು ಪುಣೆಯ ಎಆರ್‌ಎಐ ಮುಂತಾದ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ. ಅನುಮೋದನೆ ಇಲ್ಲದವರು ಕಾನೂನುಬದ್ಧವಾದ ನಮೂನೆ 22ನ್ನು ನೀಡಲಾರರು. ಆ ಪ್ರಮಾಣ ಪತ್ರವಿಲ್ಲದೆ ನೋಂದಣಿ ಆಗದು. ಮುಂಗಡ ಕೊಡುವ ಮೊದಲೇ ಮಾದರಿ ಅನುಮೋದನೆಯ ಪ್ರತಿಯನ್ನು ಕೇಳಿ ಪಡೆದು, ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತೋರಿಸಿ ವಿಚಾರಿಸತಕ್ಕದ್ದು.

ನೋಂದಣಿಯಾದ ನಂತರ ಉದ್ದ ಹೆಚ್ಚಿಸುವುದು, ಅಚ್ಚು ಬದಲಾಯಿಸುವುದು ಮುಂತಾಗಿ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತಹ ಮಾರ್ಪಾಡುಗಳನ್ನು ಪ್ರಕರಣ 52 ನಿಷೇಧಿಸುತ್ತದೆ. ಪ್ರಕರಣ 182ಎ(4)ರ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಚಿಕ್ಕದನ್ನು ಕೊಂಡು ಮುಂದೆ ದೊಡ್ಡದು ಮಾಡಿಸಿಕೊಳ್ಳುವ ಯೋಜನೆಯನ್ನು ಈ ಕಾರಣದಿಂದ ಕೈಬಿಡುವುದು ಒಳಿತು.

ಬಳಸಿದ ಟ್ರೇಲರ್

ಸೀಮಿತ ಹಣದಲ್ಲಿ ಅಗ್ಗದ ಹೊಸ ಟ್ರೇಲರ್‌ಗಿಂತ, ಉತ್ತಮವಾಗಿ ಕಟ್ಟಿದ ಹಳೆಯದು ಅನೇಕ ವೇಳೆ ಲಾಭಕರ. ಅದನ್ನು ಮಳೆಗಾಲದಲ್ಲಿ, ಜೋರು ಮಳೆ ಬಂದ ಮಾರನೆಯ ದಿನ ನೋಡುವುದು ಲೇಸು. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗಿದ್ದರೆ, ಕಪಾಟಿನೊಳಗೆ ಬೂಷ್ಟಿನ ವಾಸನೆ ಬಂದರೆ, ಒಂದು ಭಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ವ್ಯವಹಾರ ಮುಂದುವರಿಸಬಾರದು. ಟೈರುಗಳ ಸವೆತ ಒಂದೇ ಕಡೆ ಹೆಚ್ಚಿದ್ದಲ್ಲಿ ಅಚ್ಚು ಬಾಗಿರುವ ಸಾಧ್ಯತೆ ಇದೆ. ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ ನೋಂದಣಿ ಪತ್ರದಲ್ಲಿರುವ ಖಾಲಿ ತೂಕದೊಂದಿಗೆ ಹೋಲಿಸಿದರೆ, ಹಿಂದಿನ ಮಾಲೀಕರು ಸೇರಿಸಿದ ಭಾರವೂ ಮರದಲ್ಲಿ ಹೀರಿಕೊಂಡ ನೀರೂ ತಿಳಿದುಬರುತ್ತವೆ.

ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದಲ್ಲಿ ನಮೂನೆ 35, ಬೇರೆ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಿಂದ ತಂದಿದ್ದಲ್ಲಿ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಖರೀದಿಸಿದವರು 30 ದಿನಗಳೊಳಗಾಗಿ ವರ್ಗಾವಣೆಯನ್ನು ವರದಿ ಮಾಡತಕ್ಕದ್ದು.

ಹೊಸ ಟ್ರೇಲರ್ ನೋಂದಣಿಗೆ ದಾಖಲೆಗಳು

ನಮೂನೆ 20ರಲ್ಲಿ ಅರ್ಜಿ, ನಮೂನೆ 21ರಲ್ಲಿ ಮಾರಾಟ ಪ್ರಮಾಣ ಪತ್ರ, ನಮೂನೆ 22ರಲ್ಲಿ ತಯಾರಕರ ರಸ್ತೆಯೋಗ್ಯತಾ ಪ್ರಮಾಣ ಪತ್ರ (ಚಾಸಿ ಒಬ್ಬರದು, ಮೇಲ್ಕಟ್ಟು ಇನ್ನೊಬ್ಬರದು ಆಗಿದ್ದಲ್ಲಿ ನಮೂನೆ 22ಎ), ವಿಮಾ ಪತ್ರ ಮತ್ತು ವಿಳಾಸದ ದಾಖಲೆಯನ್ನು ಲಗತ್ತಿಸತಕ್ಕದ್ದು. ಎಳೆಯುವ ವಾಹನದ ವಿಮೆ ಟ್ರೇಲರ್‌ಗೆ ತಾನಾಗಿಯೇ ಅನ್ವಯಿಸುತ್ತದೆಂದು ಭಾವಿಸದೆ ವಿಮಾ ಕಂಪನಿಗೆ ಮುಂಚಿತವಾಗಿ ತಿಳಿಸಬೇಕು. ತೆರಿಗೆಯನ್ನು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ನಿರ್ಧರಣೆ ಅಧಿನಿಯಮ, 1957ರಂತೆ ಪಾವತಿಸಬೇಕಾಗಿದ್ದು, ಅನ್ವಯಿಸುವ ದರವನ್ನು ಕಚೇರಿಯಲ್ಲಿ ಕೇಳಿಕೊಂಡು ಖರೀದಿ ಬೆಲೆಗೆ ಸೇರಿಸಿಯೇ ಹೋಲಿಕೆ ಮಾಡುವುದು ಸರಿ. ರಸ್ತೆಯಲ್ಲಿ ಚಲಿಸುವಾಗ ಟ್ರೇಲರ್‌ಗೆ ನೀಡಿದ ಸಂಖ್ಯೆಯನ್ನು ಅದರ ಪಾರ್ಶ್ವದಲ್ಲಿಯೂ, ಎಳೆಯುವ ವಾಹನದ ನೋಂದಣಿ ಸಂಖ್ಯೆಯನ್ನು ಟ್ರೇಲರ್ ಮೇಲೆಯೂ ಪ್ರದರ್ಶಿಸಿರಬೇಕು.

ಮಾರಾಟಗಾರರು ತಿಳಿಸಿದ ತೂಕ, ಸಾಮಗ್ರಿ ಅಥವಾ ಅನುಮೋದನೆ ಸುಳ್ಳೆಂದು ಕಂಡುಬಂದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಮೇರೆಗೆ ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. 5 ಲಕ್ಷ ರೂಪಾಯಿಗಳವರೆಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ಆಧಾರವಾಗಿ ಬಿಲ್ಲು, ತೂಕದ ಚೀಟಿ, ಜಾಹೀರಾತಿನ ಪ್ರತಿ ಮತ್ತು ಪ್ಲೈವುಡ್, ಚಾಸಿ, ಬ್ರೇಕಿನ ವಿವರಗಳನ್ನು ಬಿಡಿಬಿಡಿಯಾಗಿ ನಮೂದಿಸಿದ ದರಪಟ್ಟಿಯನ್ನು ಖರೀದಿಯ ದಿನದಿಂದಲೇ ಕಾಪಾಡಿಕೊಂಡಿರತಕ್ಕದ್ದು.