ಸೋಂದೆಯ ಮೂರು ಮಠ, ಕರ್ತೃತ್ವದ ಮೂರು ಉತ್ತರ

ನಡೆಯುವುದೆಲ್ಲ ಮೊದಲೇ ನಿಗದಿಯಾಗಿದ್ದರೆ ಮಾಡಿದವನನ್ನು ಹೊಣೆ ಮಾಡುವುದು ಹೇಗೆ? ಭಾರತೀಯ ದರ್ಶನಗಳಲ್ಲಿ ಇದು ಜೀವಾತ್ಮನ ‘ಕರ್ತೃತ್ವ’ದ, ಅಂದರೆ ಮಾಡುವವನು ಅವನೇ ಹೌದೇ ಎಂಬ, ಪ್ರಶ್ನೆ. ಶಿರಸಿ–ಮಂಚಿಕೇರಿ ನಡುವಿನ ಸೀಮೆಯ ಸೋಂದೆಯಲ್ಲಿ ಇದರ ಮೂರು ಪಕ್ಷಗಳೂ ಅಕ್ಕಪಕ್ಕದಲ್ಲೇ ನೆಲೆಸಿವೆ: ಸ್ವಾದಿ ಜೈನ ಮಠ, ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ಸೋದೆ ವಾದಿರಾಜ ಮಠ. 16ನೇ ಶತಮಾನದಲ್ಲಿ ಅರಸಪ್ಪ ನಾಯಕ ಕಟ್ಟಿ ಬೆಳೆಸಿದ ಸೋದೆ ಸಂಸ್ಥಾನ 1760ರ ದಶಕದಲ್ಲಿ ಹೈದರಾಲಿಯ ಪಾಲಾಯಿತು, ಮಠಗಳು ಉಳಿದವು.

ಜೈನರ ವಾದ, ಎಲ್ಲವೂ ಮೊದಲೇ ನಿಗದಿಯಾಗಿದೆ ಎನ್ನುವ ಆಜೀವಿಕ ಪಂಥದ ನಿಯತಿವಾದಕ್ಕೆ ಎದುರಾಗಿ ಬೆಳೆದದ್ದು. ಜೈನಾಗಮದ ಕಥೆಯೊಂದರಲ್ಲಿ ಆಜೀವಿಕ ಮತದ ಕುಂಬಾರ ಸದ್ದಾಲಪುತ್ತ ಮಡಕೆಗಳನ್ನು ಬಿಸಿಲಿಗೆ ಒಣಗಲಿಟ್ಟಿರುತ್ತಾನೆ. ಇವು ಪ್ರಯತ್ನದಿಂದ ಆದವೋ, ತಾವಾಗಿ ಆದವೋ ಎಂದು ಮಹಾವೀರ ಕೇಳಿದರೆ, ಎಲ್ಲವೂ ನಿಯತಿಯೇ ಎನ್ನುತ್ತಾನೆ. ಯಾರಾದರೂ ಅವನ್ನು ಒಡೆದರೆ? ಹಿಡಿದು ಬಡಿಯುತ್ತೇನೆ ಎನ್ನುವಷ್ಟರಲ್ಲಿ ಅವನ ವಾದವೇ ಒಡೆದಿರುತ್ತದೆ. ಜೈನಮತದಲ್ಲಿ ಕರ್ಮ ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ತಪಸ್ಸಿನಿಂದ ಅದನ್ನು ಉದುರಿಸಿಕೊಳ್ಳಲೂಬಹುದು.

ಉಳಿದೆರಡು ಮಠಗಳ ಭೇದ ಬ್ರಹ್ಮಸೂತ್ರದ ಒಬ್ಬ ಬಡಗಿಯ ಮೇಲೆ ನಿಂತಿದೆ. ಶಂಕರರ ಭಾಷ್ಯದಲ್ಲಿ ಬಡಗಿ ಬಾಚಿ ಹಿಡಿದಾಗ ಕರ್ತೃ, ದುಡಿದು ದಣಿಯುತ್ತಾನೆ. ಉಪಕರಣ ಕೆಳಗಿಟ್ಟು ಮನೆ ಸೇರಿದಾಗ ನೆಮ್ಮದಿಯಾಗಿರುತ್ತಾನೆ. ಹಾಗೆಯೇ ದೇಹ, ಇಂದ್ರಿಯಗಳ ಜೊತೆಗಿರುವಾಗ ಮಾತ್ರ ಆತ್ಮ ಕರ್ತೃ. ಈಶ್ವರನೋ ಮಳೆಯ ಹಾಗೆ ಸಾಧಾರಣ ಕಾರಣ: ಮಳೆ ಎಲ್ಲಕ್ಕೂ ಒಂದೇ, ಭತ್ತವೋ ಜವೆಯೋ ಎಂಬುದನ್ನು ಬೀಜ ತೀರ್ಮಾನಿಸುತ್ತದೆ.

ಮಧ್ವಾಚಾರ್ಯರು ಅದೇ ಬಡಗಿಯನ್ನು ಕೆಲಸ ಮಾಡಿಸುವ ಯಜಮಾನನ ಮುಂದೆ ನಿಲ್ಲಿಸುತ್ತಾರೆ. ಬಡಗಿ ದುಡಿಯುವುದು ಯಜಮಾನನ ಅಧೀನದಲ್ಲಿ. ಆದರೂ ಕೆತ್ತುವ ಕೈ ಅವನದೇ. ಜೀವನ ಕರ್ತೃತ್ವ ಹೀಗೆ ನಿಜ, ಆದರೆ ಪರಾಧೀನ. ಸ್ವಭಾವ, ಅನಾದಿಕರ್ಮ, ಪ್ರಯತ್ನಗಳನ್ನು ಅನುಸರಿಸಿ ಹರಿ ಪ್ರೇರಿಸುತ್ತಾನೆ. ಸೋಂದೆಯಲ್ಲಿ 1600ರಲ್ಲಿ ವೃಂದಾವನಸ್ಥರಾದ ವಾದಿರಾಜರು ಈ ದ್ವೈತವನ್ನು ‘ಯುಕ್ತಿಮಲ್ಲಿಕಾ’ದಲ್ಲಿ ತರ್ಕದಿಂದ ಸಮರ್ಥಿಸಿದರು.

ಮುಂದೆ 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್, ಇಚ್ಛೆಗೆ ಕಾರಣಗಳಿದ್ದರೂ ಹೊರಗಿನ ತಡೆಯಿಲ್ಲದಿದ್ದರೆ ಮನುಷ್ಯ ಸ್ವತಂತ್ರನೇ ಎಂದು ವಾದಿಸಿದ. ಸೋಂದೆಯ ಪಕ್ಷಗಳು ಹಿಡಿದದ್ದು ಬೇರೆ ಎಳೆ. ಕರ್ತೃವೇ ಇಲ್ಲದಿದ್ದರೆ ‘ಮಾಡು’, ‘ಮಾಡಬೇಡ’ ಎಂಬ ವಿಧಿನಿಷೇಧಗಳೇ ವ್ಯರ್ಥ ಎಂಬ ಮಾತನ್ನು ಎರಡೂ ವೇದಾಂತಗಳು ಒಪ್ಪುತ್ತವೆ. ಕುಂಬಾರನ ಕಥೆ ಮುಟ್ಟುವುದೂ ಅಲ್ಲಿಗೇ. ಭಿನ್ನಮತವಿರುವುದು ಆ ಕರ್ತೃತ್ವ ಎಲ್ಲಿಂದ ಬಂತು, ಎಲ್ಲಿಯವರೆಗೆ ಇರುತ್ತದೆ ಎಂಬುದರಲ್ಲಿ.