ಪ್ರಾರ್ಥನೆಯಲ್ಲಿ ಯಾರ ಹೆಸರು ಇರಬೇಕು

ದೇವರ ಮುಂದೆ ಯಾರಿಗಾಗಿ ಬೇಡಿಕೊಳ್ಳಬೇಕು ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು ಎಂದು ಇಂದು ಅನೇಕ ಕ್ರೈಸ್ತರು ಭಾವಿಸುತ್ತಾರೆ. ಆದಿಸಭೆ ಹಾಗೆ ಭಾವಿಸಿರಲಿಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ ಎಲ್ಲ ಮನುಷ್ಯರಿಗಾಗಿ, ಅದರಲ್ಲೂ ಅರಸರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಬೇಕೆಂದು ವಿಧಿಸುತ್ತದೆ. ಆಗ ರೋಮಿನ ಸಿಂಹಾಸನದ ಮೇಲೆ ಕ್ರೈಸ್ತನೊಬ್ಬನೂ ಕೂತಿರಲಿಲ್ಲ. ಸುಮಾರು 155ರ ಹೊತ್ತಿಗೆ ಕ್ರೈಸ್ತ ಲೇಖಕ ಜಸ್ಟಿನ್ ಚಕ್ರವರ್ತಿಗೆ ಬರೆದ ಸಮರ್ಥನೆಯ ಪ್ರಕಾರ, ಹೊಸದಾಗಿ ದೀಕ್ಷಾಸ್ನಾನ ಪಡೆದವನನ್ನು ಕರೆತಂದು ಕೂರಿಸಿ, ಸಭೆ ತನಗಾಗಿ, ಅವನಿಗಾಗಿ, ಎಲ್ಲೆಡೆ ಇರುವ ಎಲ್ಲರಿಗಾಗಿ ಪ್ರಾರ್ಥಿಸುತ್ತಿತ್ತು. ಯಾರಿಗಾಗಿ ಎಂಬುದನ್ನು ಹೀಗೆ ಭಕ್ತನ ಒಲವಿಗೆ ಬಿಡದೆ ಮೊದಲೇ ಗೊತ್ತುಮಾಡಿದ್ದು ಕ್ರೈಸ್ತ ಪ್ರಾರ್ಥನೆಯ ದೊಡ್ಡ ಬಲ ಎಂಬುದು ನನ್ನ ವಾದ. ನಮಗೆ ಬೇಕಾದವರಿಗಷ್ಟೇ ಅದನ್ನು ಮೊಟಕುಗೊಳಿಸಿದಾಗ ಏನಾಯಿತು ಎಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸಾಕ್ಷ್ಯವಿದೆ.

ಹಿಂಸಿಸುವ ದೊರೆಗಾಗಿ ಪ್ರಾರ್ಥಿಸಿದರೆ ಅವನ ಆಳ್ವಿಕೆಗೆ ತಲೆಬಾಗಿದಂತಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ 197ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಚಕ್ರವರ್ತಿಯ ದೀರ್ಘಾಯುಷ್ಯ, ಸೈನ್ಯದ ಧೈರ್ಯ, ಸೆನೆಟಿನ ನಿಷ್ಠೆ, ಲೋಕದ ಶಾಂತಿ ಎಲ್ಲಕ್ಕೂ ನಾವು ಬೇಡುತ್ತೇವೆ ಎಂದವನೇ, ಚಕ್ರವರ್ತಿಯನ್ನು ದೇವರೆಂದು ಕರೆಯಲು ಖಂಡಿತವಾಗಿ ಒಪ್ಪಲಿಲ್ಲ. ಒಬ್ಬನಿಗಾಗಿ ದೇವರನ್ನು ಬೇಡಿದ ಕೂಡಲೇ ಅವನೂ ದೇವರ ಕೈಕೆಳಗಿನವನೆಂದು ಸಾರಿದಂತಾಯಿತು. ಆಳುವವನಿಗೆ ಇದಕ್ಕಿಂತ ದಿಟ್ಟ ಪ್ರತ್ಯುತ್ತರ ಆ ಕಾಲದಲ್ಲಿ ಬೇರೆ ಇರಲಿಲ್ಲವೆಂದೇ ನನಗೆ ತೋರುತ್ತದೆ.

ಸಭೆಗೇ ಅಧಿಕಾರ ಬಂದಮೇಲೆ ಕಥೆ ಬದಲಾಯಿತು. ಪೂರ್ವದ ಸಭೆಗಳಲ್ಲಿ ಬಲಿಪೂಜೆಯ ಹೊತ್ತಿಗೆ ಓದುತ್ತಿದ್ದ ಮಡಿಕೆ ಹಲಗೆಗಳಿದ್ದವು. ಬದುಕಿರುವವರ ಹೆಸರು, ತೀರಿಕೊಂಡವರ ಹೆಸರು ಅದರಲ್ಲಿ ಇರುತ್ತಿದ್ದವು. ಅದರಲ್ಲಿ ಹೆಸರಿದ್ದರೆ ಸಭೆಯ ಬಳಗದವನು, ಅಳಿಸಿದರೆ ಹೊರಗಿನವನು. ಕಾನ್‌ಸ್ಟಾಂಟಿನೋಪಲಿನ ಬಿಷಪ್ ಜಾನ್ ಕ್ರಿಸೊಸ್ತೊಮ್ 404ರಲ್ಲಿ ಗಡೀಪಾರಾಗಿ, 407ರಲ್ಲಿ ದಾರಿಯಲ್ಲೇ ಪ್ರಾಣಬಿಟ್ಟ. ಅವನದೇ ನಗರದ ಹಲಗೆಯಲ್ಲಿ ಅವನ ಹೆಸರಿಗೆ ಜಾಗವಿರಲಿಲ್ಲ. ಜನ ಬಿಡಲಿಲ್ಲ, ರೋಮ್ ಕೂಡ ಒತ್ತಾಯಿಸಿತು. ಬಿಷಪ್ ಅತ್ತಿಕುಸ್ ಕೊನೆಗೆ ಹೆಸರನ್ನು ಸೇರಿಸಿದ. ಆಗ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್, ಇದು ಯೂದನನ್ನು ಮತ್ತೆ ಅಪೊಸ್ತಲರ ಸಾಲಿಗೆ ಸೇರಿಸಿದಂತೆ ಎಂದು ವಾದಿಸಿದ. ಸತ್ತವನೊಬ್ಬನಿಗಾಗಿ ಪ್ರಾರ್ಥಿಸಬೇಕೇ ಬೇಡವೇ ಎಂಬುದು ಎರಡು ಮಹಾನಗರಗಳ ಮೇಲಾಟದ ವಸ್ತುವಾಗಿತ್ತು. ಆ ಕ್ರಿಸೊಸ್ತೊಮನ ಅಸ್ಥಿಗಳನ್ನೇ 438ರಲ್ಲಿ ರಾಜಮರ್ಯಾದೆಯೊಂದಿಗೆ ನಗರಕ್ಕೆ ತಂದರು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಕೇ? ಸಾಲದು. ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿಯಾದ ಆಕ್ಷೇಪ ಇದು. ರೋಮನ್ ಪೂಜಾವಿಧಿಯಲ್ಲಿ ಭಾನುವಾರದ ಸಾಮೂಹಿಕ ಕೋರಿಕೆಗಳು ಕಾಲಕ್ರಮೇಣ ಬಿದ್ದುಹೋಗಿ, ಶುಭ ಶುಕ್ರವಾರದಂದು ಮಾತ್ರ ಉಳಿದುಕೊಂಡವು. ಒಂದೊಂದು ಕೋರಿಕೆಗೂ ಜನ ಮೊಣಕಾಲೂರಿ ಮೌನವಾಗಿ ಪ್ರಾರ್ಥಿಸಿ ಏಳುತ್ತಿದ್ದರು. ಯೆಹೂದ್ಯರಿಗಾಗಿ ಮಾಡುವ ಕೋರಿಕೆ ಬಂದಾಗ ಮಾತ್ರ ಯಾರೂ ಮೊಣಕಾಲೂರುತ್ತಿರಲಿಲ್ಲ. ಶತಮಾನಗಳ ಕಾಲ ಹೀಗೇ ನಡೆಯಿತು: ಬಾಯಲ್ಲಿ ಪ್ರಾರ್ಥನೆ, ಮೈಯಲ್ಲಿ ತಿರಸ್ಕಾರ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಆ ಕೋರಿಕೆಗೂ ಮೊಣಕಾಲೂರುವಂತೆ ಮಾಡಿದರು. 1959ರಲ್ಲಿ ಇಪ್ಪತ್ತಮೂರನೆಯ ಜಾನ್ ಅದರಲ್ಲಿದ್ದ ಹೀನಾಯದ ವಿಶೇಷಣವನ್ನು ತೆಗೆಸಿದರು. 1970ರ ಪೂಜಾಗ್ರಂಥದಲ್ಲಿ ಇಡೀ ಪ್ರಾರ್ಥನೆಯನ್ನೇ ಹೊಸದಾಗಿ ಬರೆಯಲಾಯಿತು. ಯುರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರ ಕೊಲೆಯಾದ ಮೇಲೆ ಬಂದ ತಿದ್ದುಪಡಿಗಳಿವು; ತಡವಾಯಿತು ಎನ್ನದೆ ವಿಧಿಯಿಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಆ ಹೆಸರು ಪಟ್ಟಿಯಲ್ಲಿ ಇದ್ದದ್ದರಿಂದಲೇ ತಪ್ಪು ಪ್ರತಿವರ್ಷ ಎಲ್ಲರ ಕಣ್ಣಿಗೆ ಬೀಳುತ್ತಿತ್ತು, ಅದನ್ನು ತಿದ್ದಲೂ ಸಾಧ್ಯವಾಯಿತು. ಒಬ್ಬೊಬ್ಬರ ಎದೆಯೊಳಗೆ ಅಡಗಿದ ತಿರಸ್ಕಾರವನ್ನು ಯಾವ ಪೋಪ್ ತಾನೇ ತಿದ್ದಬಲ್ಲರು?

ಸಿದ್ಧಪಟ್ಟಿಯ ಪ್ರಾರ್ಥನೆ ಯಾಂತ್ರಿಕವಾಗುತ್ತದೆ ಎಂಬ ದೂರೂ ಇದೆ, ಸುಳ್ಳಲ್ಲ. ಆದರೆ ಮನಸ್ಸಿಗೆ ತೋಚಿದಂತೆ ಮಾಡುವ ಪ್ರಾರ್ಥನೆಯೂ ಬೇಗನೆ ಮನೆಮಂದಿಯ ಆರೋಗ್ಯ, ಮಕ್ಕಳ ಪರೀಕ್ಷೆ, ಸಾಲದ ಚಿಂತೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವೂ ದೇವರಿಗೆ ಹೇಳಿಕೊಳ್ಳಬೇಕಾದವೇ, ಆದರೆ ಅಷ್ಟಕ್ಕೇ ನಿಲ್ಲಬಾರದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಾಮೂಹಿಕ ಕೋರಿಕೆಗಳನ್ನು ಮತ್ತೆ ಜಾರಿಗೆ ತಂದಿತು. ಆಮೇಲೆ ಬಂದ ನಿಯಮದಲ್ಲಿ ಅವುಗಳ ಕ್ರಮ ಹೀಗಿದೆ: ಮೊದಲು ಧರ್ಮಸಭೆ, ಆಮೇಲೆ ಆಳುವವರು ಮತ್ತು ಇಡೀ ಲೋಕ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ನಮ್ಮ ಊರಿನ ಸಭೆ. ಕನ್ನಡ ಚರ್ಚುಗಳಲ್ಲಿ ಭಾನುವಾರದ ಕೋರಿಕೆಗಳನ್ನು ಬರೆಯುವವರು ಈ ಕ್ರಮವನ್ನು ಕಾಪಾಡಿಕೊಳ್ಳಲಿ, ಸಭೆಗೆ ಆಗದವರಿಗೂ ಅದರಲ್ಲೊಂದು ಸಾಲು ಇಡಲಿ.